ನೀಲಿ ಹೊಲಿಗೆಯ ಮುಹನ್ನಾ

ಶುಕ್ರವಾರದ ನಮಾಜು ಮುಗಿದು ಅರಬ್ ಕಡಲತೀರದ ಸಹಮ್ ಊರಿನ ಗಂಡಸರೆಲ್ಲ ಮೂಗಿಗೆ ಮೂಗು ತಾಗಿಸಿ ಕುಶಲ ವಿಚಾರಿಸುತ್ತಿರುವಾಗ, ಮುಹನ್ನಾ ಒಬ್ಬನೇ ಮಸೀದಿಯ ಹೊರಗಿನ ಕಾರುಗಳ ಸಾಲಿನಲ್ಲಿ, ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು, ಒದ್ದೆ ಮರಳಿನಲ್ಲಿ ನಡೆಯುವವನಂತೆ ಮೊಣಕಾಲು ಬಾಗಿಸಿ ಸಾಗುತ್ತ, ಪ್ರತಿ ಕಿಟಕಿಗೂ ಹಣೆಯೊತ್ತಿ ಒಳಗಿನ ಸ್ಟೀರಿಂಗನ್ನು ದಿಟ್ಟಿಸುತ್ತಾನೆ. ಒಳಗೆ ಕುಳಿತ ಮಕ್ಕಳು ಬೆಚ್ಚಿ ಕಿರುಚುತ್ತವೆ. ಅವನಿಗೆ ಕೇಳಿಸುವುದಿಲ್ಲ.

ಜಜ್ಜಿಹೋದ ಕಾರುಗಳಿಂದ ಏರ್‌ಬ್ಯಾಗ್ ಬಿಚ್ಚಿ, ಬೇರೆ ಕಾರುಗಳಿಗೆ ಕೂರಿಸಿ, ಸ್ಟೀರಿಂಗಿನ ಮೇಲಿನ ಚರ್ಮವನ್ನು ಬಲೆ ಹೆಣೆಯುವ ನೀಲಿ ದಾರದಿಂದ ಹೊಲಿಯುವುದು ಅವನ ಕಸುಬಾಗಿತ್ತು. ಕಡಲ ಸೆಕೆಗೆ ಚೀಲ ಉಬ್ಬಿಸುವ ಒಳಗಿನ ಮದ್ದು ಕೆಟ್ಟು, ಸಣ್ಣ ಗುದ್ದಿಗೂ ಸಿಡಿದು ಮುಖಕ್ಕೆ ಲೋಹದ ಚೂರು ಎರಚುವ ಚೀಲಗಳಿವೆಯೆಂದು ಕಂಪನಿ ಕಾರುಗಳನ್ನು ವಾಪಸು ಕರೆಯಿತು. ಪಟ್ಟಿಯಲ್ಲಿದ್ದದ್ದು ಕಾರಿನ ನಂಬರು ಮಾತ್ರ. ಅಂಥ ಏಳು ಕಾರುಗಳು ಎಂದೋ ಗುಜರಿ ಸೇರಿದ್ದವು. ಅವುಗಳ ಚೀಲಗಳನ್ನು ಯಾರ್‍ಯಾರ ಎದೆಯ ಮುಂದೆ ಕೂರಿಸಿದ್ದೆನೆಂದು ಮುಹನ್ನಾ ಬರೆದಿಟ್ಟಿರಲಿಲ್ಲ.

ಮೊದಲು ನೆನಪಾದದ್ದು, ಅಂಥ ಚೀಲ ಕೂರಿಸಿಕೊಂಡಿದ್ದ ಹುಮೈದನ ಮನೆ. ಓಡಿದ. ಆದರೆ ಹೊಸ್ತಿಲಲ್ಲೇ ಕೆಟ್ಟ ಸುದ್ದಿ ಹೇಳುವುದುಂಟೇ ನಮ್ಮಲ್ಲಿ? ಖರ್ಜೂರ ಬಂತು, ಕಾಫಿ ಬಂತು.

"ಏನು ಸುದ್ದಿ?" ಹುಮೈದ ಕೇಳಿದ.

"ಸುದ್ದಿ ಏನಿಲ್ಲ, ಎಲ್ಲಾ ಕ್ಷೇಮ," ಎಂದ ಮುಹನ್ನಾ, ರೂಢಿಯಂತೆ.

ಎರಡನೇ ಬಟ್ಟಲಿಗೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯದು ಬರುವಷ್ಟರಲ್ಲಿ ಹುಮೈದನ ಮಗಳು ಶಮ್ಮಾ ಹಿತ್ತಿಲಿನಿಂದ ಕಾರು ತೆಗೆದಾಗಿತ್ತು. ತಿರುವಿನಲ್ಲಿ ಹಾಲಿನ ವ್ಯಾನಿಗೆ ಗುದ್ದಿದಾಗ ಬಂಪರು ನೆಗ್ಗಿತ್ತು, ಅಷ್ಟೇ. ಹುಡುಗಿ ಉಳಿಯಲಿಲ್ಲ.

ಅಂದಿನಿಂದ ಮುಹನ್ನಾ ಸಲಾಂ ಹೇಳುವುದನ್ನೇ ಬಿಟ್ಟ.

ನಮ್ಮ ಮನೆಗೂ ಬಂದ. ಹಳೆಯ ಕಾರೊಂದನ್ನು ಕೊಂಡು ತಂದಿದ್ದ ನಾನು ಪಾಠ ಹೇಳಲು ಶಾಲೆಗೆ ಹೊರಟಿದ್ದೆ. ಕಿಟಕಿಯೊಳಗೆ ಕೈಹಾಕಿ ಕೀಲಿ ಕಿತ್ತುಕೊಂಡ.

"ಏನೋ ಮುಹನ್ನಾ, ಸಲಾಂ ಇಲ್ಲ, ಸುದ್ದಿ ಇಲ್ಲ, ಕಳ್ಳನ ಹಾಗೆ ನುಗ್ತೀಯಲ್ಲೋ!" ಅಮ್ಮ ರೇಗಿದಳು.

"ಆಮೇಲೆ ಬೈಯಮ್ಮ. ಮೊದ್ಲು ಇವನು ಇಳೀಲಿ."

"ನಂಬರ್ ನೋಡಿಸಿದ್ದೀನಿ ಮಾರಾಯ. ನನ್ನ ಕಾರು ಪಟ್ಟೀಲಿಲ್ಲ," ಎಂದೆ.

"ಕಾರು ನಿಂದೇ. ನಿನ್ನೆದುರಿಗಿರೋ ಚೀಲ ಸತ್ತ ಕಾರಿಂದು."

ಬ್ಯಾಟರಿಯ ತಂತಿ ಕಳಚಿ, ಉಳಿದ ವಿದ್ಯುತ್ತು ಇಳಿಯಲೆಂದು ಹತ್ತು ನಿಮಿಷ ಕಾದ. ಆಮೇಲೆ ನೀಲಿ ಹೊಲಿಗೆ ಒಂದೊಂದನ್ನೇ ಬಿಚ್ಚುವಾಗ ಅವನ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು, ಒಳಗೆ ಮಲಗಿದ ಯಾರಿಗೋ ಎಚ್ಚರವಾಗದಂತೆ ಜೋಗುಳ ಹಾಡುತ್ತಿರುವ ಹಾಗೆ. ನಾನು ಹೆದರಿ ಅಮ್ಮನ ಕೈ ಹಿಡಿದುಕೊಂಡೆ.

ಆ ಏಳರಲ್ಲಿ ಅದು ಆರನೆಯದು. ಏಳನೆಯದು ಇನ್ನೂ ಊರಿನಲ್ಲಿ ಓಡುತ್ತಿದೆ, ಯಾರದೆಂದು ತಿಳಿಯದು.

ಮಾಡಿದ ತಪ್ಪನ್ನು ಮರೆತವರು ನಾಲ್ಕು ಜನರಿಗೆ ಬೇಕಾದವರಾಗಿ ನೆಮ್ಮದಿಯಿಂದ ಬಾಳುತ್ತಾರೆ. ಅದರ ಬೆನ್ನು ಹತ್ತಿ ಅಲೆಯುವವರನ್ನು ಹುಚ್ಚರೆಂದು ಕರೆದು ನಾವು ಬಾಗಿಲು ಹಾಕಿಕೊಳ್ಳುತ್ತೇವೆ. ನಮ್ಮ ಜೀವ ಮಾತ್ರ ಅವರ ಕೈಯಲ್ಲೇ ಇರುತ್ತದೆ.