ನಲವತ್ತೇಳನೆಯ ನಂಬರು

"ನಲವತ್ತಮೂರಲ್ಲ, ನಲವತ್ತೇಳು," ಎಂದ ಮುಂದಿನ ಸಾಲಿನಲ್ಲಿ ಕೂತಿದ್ದ ಅಲ್ಫಾನ್ಸ್ ಮಾವ. "ನಲವತ್ತಮೂರು ಆಂಬ್ರೋಸಂದು."

ಸಭೆಯ ಮುಂದೆ ಭಾಷಣ ಮಾಡುತ್ತಿದ್ದ ಡೆಲ್ಫೀನಳ ಮಾತು ಅಲ್ಲೇ ನಿಂತಿತು. ಪರದೆಯ ಮೇಲೆ, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಎಳೆದೊಯ್ದು ಇಡುತ್ತಿದ್ದ ಚರ್ಚಿನ ವಸತಿ ಶಾಲೆಯ ಚಿತ್ರ: ತಲೆ ಬೋಳಿಸಿದ ಕ್ರೀ ಬುಡಕಟ್ಟಿನ ಹುಡುಗರು, ನಡುವೆ ಬಿಳಿ ಪಾದ್ರಿ. ಹನ್ನೊಂದು ವರ್ಷದಿಂದ ಕಚೇರಿ ಕಚೇರಿಗೆ ಹೋಗಿ ನೌಕರರ ಮುಂದೆ ಅವಳು ಹೇಳುತ್ತ ಬಂದದ್ದು ಈ ಮಾವನ ಕಥೆಯನ್ನೇ. ಏಳು ವರ್ಷದ ಮಗುವಿನ ಹೆಸರು ಕಿತ್ತುಕೊಂಡು ನಂಬರು ಕೊಟ್ಟರು. ಕಥೆ ಇಲ್ಲಿಗೆ ಬಂದಾಗ ಸಭೆ ಉಸಿರು ಬಿಗಿಹಿಡಿಯುತ್ತಿತ್ತು. ಆ ಮೌನ ಎಷ್ಟು ಹೊತ್ತಿನದೆಂದು ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಒಂದು ಗುಟುಕು ನೀರು ಕುಡಿಯಬಹುದಿತ್ತು.

ಇವತ್ತು ಕೆನಡಾದ ಸಾಸ್ಕಟೂನ್ ನಗರದ ಒಂದು ವಿಮಾ ಕಚೇರಿ. ಮಾವನನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಊರಿಂದ ಕರೆತಂದಿದ್ದಳು. ಈ ಚಳಿಯಲ್ಲಿ ಕಾರಿನಲ್ಲಿ ಕೂರಿಸಿ ಬರುವಂತಿರಲಿಲ್ಲ.

"ಆಮೇಲೆ ಮಾತಾಡೋಣ, ಮಾವ."

"ಆಮೇಲೆ ಮರ್ತೋಗುತ್ತೆ ಕಣೇ." ಮಾವ ಸಭೆಯ ಕಡೆ ತಿರುಗಿದ. "ಪೂಜೆಗಿಟ್ಟ ವೈನು ಕುಡಿದೋನು ನಾನು. ಬಾಟ್ಲಿಗೆ ಬೀಟ್‌ರೂಟ್ ಬೇಯಿಸಿದ ನೀರು ತುಂಬಿಸಿಟ್ಟೆ. ಏಸುವಿನ ರಕ್ತ ಅಂತ ಬಾಯಿಗಿಟ್ಟಾಗ ಪಾದ್ರಿ ಮುಖ ನೋಡ್ಬೇಕಿತ್ತು ನೀವು."

ಯಾರೋ ಒಬ್ಬಳು ಕಿಸಕ್ಕೆಂದಳು. ಆಮೇಲೆ ಇಡೀ ಸಭೆ.

"ಪಾದ್ರಿಗೂ ನಮ್ಮ ಡೆಲ್ಫೀನ್ ಥರಾನೇ ನಂಬರು ತಪ್ಪಿಹೋಯ್ತು. ಏಟು ಬಿದ್ದಿದ್ದು ಆಂಬ್ರೋಸಿಗೆ."

ನಗು ಇನ್ನೂ ಜೋರಾಯಿತು. ಡೆಲ್ಫೀನಳೂ ನಕ್ಕಳು, ನಗದೆ ವಿಧಿಯಿರಲಿಲ್ಲ. ತನಗೆ ಬೇಕಾಗಿದ್ದದ್ದು ಅಳುವ ಮಾವ ಎಂದು ಹೊಳೆದಾಗ ನಾಚಿಕೆಯಾಗಬೇಕಿತ್ತು. ಬಂದದ್ದು ಸಿಟ್ಟು. ಹನ್ನೊಂದು ವರ್ಷದಲ್ಲಿ ಒಬ್ಬರೂ ಅವಳ ಮಾತಿಗೆ ಹೀಗೆ ಮುಂದೆ ಬಾಗಿ ಕೂತಿರಲಿಲ್ಲ.

"ಆಂಬ್ರೋಸ್ ಈಗ ಎಲ್ಲಿದಾರೆ?" ಯಾರೋ ಕೇಳಿದರು.

"ಅವ್ನಾ? ಅವ್ನು..."

ಅಷ್ಟರಲ್ಲಿ ಕಚೇರಿಯ ಮೇಲ್ವಿಚಾರಕಿ, ಒಳ್ಳೆಯ ಹೆಂಗಸು, ಊಟ ಸಿದ್ಧವೆಂದು ಪುಟ್ಟ ಗಂಟೆ ಬಾರಿಸಿದಳು.

ಮಾವ ಮಾತು ನುಂಗಿ ಎದ್ದ. ಸೂಪಿನ ಮೇಜಿನ ಮುಂದೆ, ಊಟದ ಗಂಟೆಗೆ ಪಾದ್ರಿಯ ತಪಾಸಣೆಗೆ ನಿಂತ ಶಾಲೆಯ ಹುಡುಗನಂತೆ, ನೆಟ್ಟಗೆ ನಿಂತು ಎರಡೂ ಕೈ ಚಾಚಿದ. ಅಂಗೈ ತೋರಿಸಿದ, ಮಗುಚಿ ಉಗುರು ತೋರಿಸಿದ.

ಇದೂ ತಮಾಷೆಯೆಂದು ಚಪ್ಪಾಳೆ ಬಿತ್ತು. ಒಬ್ಬ ಎದ್ದು ಮಾವನ ಹಿಂದೆ ಹಾಗೇ ಕೈ ಚಾಚಿ ನಿಂತ. ಅವನ ಹಿಂದೆ ಇನ್ನೊಬ್ಬಳು. ನೋಡನೋಡುತ್ತ ಸಾಲು ಬಾಗಿಲವರೆಗೆ ಬೆಳೆಯಿತು, ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ.

ಡೆಲ್ಫೀನ್ ಹತ್ತಿರ ಬಂದಳು. "ಸಾಕು ಮಾವ," ಎಂದಳು ಮೆಲ್ಲಗೆ.

ಮಾವ ನಗುತ್ತಿರಲಿಲ್ಲ. ಸೂಪು ಆರುತ್ತಿತ್ತು. ಕೈ ಇಳಿಸಿ ಎಂದು ಹೇಳಬೇಕಾದವರು ಯಾರೆಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.