ಇಪ್ಪತ್ತರವರೆಗೆ

"'ನಿಮ್ಮ ಮನಸ್ಸಿನಲ್ಲಿ ಏನೋ ಭಾರ ಇರುವ ಹಾಗಿದೆ. ಇನ್ನೂ ಸ್ವಲ್ಪ ಹೇಳುತ್ತೀರಾ?'" ಪ್ರಾಂಶುಪಾಲರು ಓದುವುದನ್ನು ನಿಲ್ಲಿಸಿ ಕನ್ನಡಕವನ್ನು ಹಣೆಗೇರಿಸಿದರು. "ಏನು ಮೇಡಂ ಇದು? ಪಾಠ ಸುಧಾರಿಸೋಕೆ ನಿಮ್ಮ ಸಲಹೆ ಏನು ಅಂತ ಅಭಿಪ್ರಾಯದ ನಮೂನೇಲಿ ಕೇಳಿದ್ರೆ, ನಿಮ್ಮ ವಿದ್ಯಾರ್ಥಿಗಳು ನನ್ನ ಕ್ಷೇಮ ವಿಚಾರಿಸ್ತಾರಲ್ಲ!"

ಎದುರಿಗೆ ಕೂತಿದ್ದ ಅವಳಿಗೆ ನಗು ತಡೆಯಲಾಗಲಿಲ್ಲ. ಅವರು ಇನ್ನೊಂದು ಹಾಳೆ ಎತ್ತಿದರು. "ಇದು ಕೇಳಿ. 'ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ?' ಉತ್ತರ: 'ಅಂಕ ಬೇಕು ಅನ್ನಿಸುತ್ತಿರುವುದು ಯಾಕೆಂದು ಕೇಳಬಹುದೇ?' ಹನ್ನೆರಡು ಜನ, ಹನ್ನೆರಡು ಹಾಳೆ, ಒಂದರಲ್ಲೂ ಒಂದು ಅಂಕಿ ಇಲ್ಲ!"

ತಪ್ಪು ಅವಳದೇ. ಹದಿನೆಂಟು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಆಮೇಲೆ ದೇವಶಾಸ್ತ್ರ ಓದಿ, ಐವತ್ತು ತುಂಬುವ ವರ್ಷ ಈ ಕಾಲೇಜಿಗೆ ಪಾಠ ಹೇಳಲು ಬಂದಿದ್ದಳು. ಮುಂದೆ ಚರ್ಚುಗಳಲ್ಲಿ ಸಭಾಪಾಲಕರಾಗುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ರೋಗಿಯ ಪಕ್ಕದಲ್ಲಿ ಕೂರುವುದು ಹೇಗೆಂದು ಕಲಿಸುವ ಪಾಠ ಅವಳೇ ಕಟ್ಟಿದ್ದು. ಅದರ ಮೊದಲ ನಿಯಮ: ಯಾರಾದರೂ ಸಲಹೆ ಕೇಳಿದರೆ ತಕ್ಷಣ ಕೊಡಬೇಡಿ, ಆ ಕೇಳಿಕೆಯ ಹಿಂದೆ ಏನಿದೆಯೆಂದು ವಿಚಾರಿಸಿ. ಎರಡನೆಯದು: ಯಾರ ನೋವಿಗೂ ಅಂಕ ಹಾಕಬೇಡಿ. ಮೂರನೆಯದು: ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ, ಅಲ್ಲಿಯವರೆಗೆ ಬಾಯಿ ತೆರೆಯಬೇಡಿ. ಪಾಪ, ಅವರು ಮೊದಲ ಎರಡನ್ನು ಕಾಲೇಜಿನ ನಮೂನೆಗೂ ಅನ್ವಯಿಸಿದ್ದರು.

"ನಗೋ ವಿಷಯ ಅಲ್ಲಮ್ಮ," ಎಂದರು ಪ್ರಾಂಶುಪಾಲರು, ತಾವೂ ನಗುತ್ತ. "ನಾಳೆ ಮೂರು ಗಂಟೆಗೆ ಸಮಿತಿ ಕೂರುತ್ತೆ. ವಿದ್ಯಾರ್ಥಿಗಳ ಅಂಕ ಇಲ್ಲದ ಪಾಠ ಪಟ್ಟಿಯಿಂದ ಹೋದ ಹಾಗೇ. ಆ ಗಂಟೆಗಳನ್ನ ಚರ್ಚಲ್ಲಿ ನಿಂತು ಪ್ರಸಂಗ, ಉಪದೇಶ ಮಾಡೋದು ಕಲಿಸೋರಿಗೆ ಕೊಡ್ತಾರೆ."

"ಅವರಿಗೆ ಈಗಲೇ ವಾರಕ್ಕೆ ಆರು ಗಂಟೆ ಇದೆಯಲ್ಲ ಸರ್?"

"ಸಭಾಪಾಲಕರು ಮಾತಾಡೋದು ಕಲೀಬೇಕಲ್ಲ."

"ಕೇಳೋದು?"

"ಅದಕ್ಕೆ ಎರಡು ಕಿವಿ ಸಾಕು ಅಂತಾರೆ ಸಮಿತಿಯವರು." ಅವರು ಹೊಸ ನಮೂನೆಗಳ ಕಟ್ಟನ್ನು ಮುಂದೆ ತಳ್ಳಿದರು. "ಬೆಳಿಗ್ಗೆ ಇನ್ನೊಂದ್ಸಲ ಬರೆಸಿ. ಏನು ಬರೀಬೇಕು ಅಂತ ಒಂದು ಮಾತು ನೀವೇ ಹೇಳಿಬಿಡಿ, ತಪ್ಪೇನಿಲ್ಲ."

ಹಳೆಯ ಹಾಳೆಗಳನ್ನು ಜೋಡಿಸಿಕೊಳ್ಳುವಾಗ ಕೊನೆಯದರ ಅಡಿಯಲ್ಲಿ, ಅಂಚಿಗೆ ಅಂಟಿಕೊಂಡ ಹಾಗೆ, ಸಣ್ಣ ಅಕ್ಷರದ ಒಂದು ಸಾಲು ಕಂಡಿತು. 'ಮೇಡಂ ನಮಗೆ ಇಪ್ಪತ್ತು ಎಣಿಸಲು ಕಲಿಸಿದರು. ತಾವು ಮೂರಕ್ಕೇ ನಿಲ್ಲಿಸುತ್ತಾರೆ.' ಪ್ರಾಂಶುಪಾಲರು ಅದನ್ನು ನೋಡಿರಲಿಲ್ಲ. ಅವಳು ಅದನ್ನು ಮಡಿಸಿ ಚೀಲಕ್ಕೆ ಸೇರಿಸಿದಳು. ನಗು ಮುಖದಲ್ಲಿ ಇನ್ನೂ ಇತ್ತು, ಆದರೆ ಅದರೊಳಗೆ ಅವಳಿರಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಅತ್ತೆ ಬಟಾಣಿ ಸುಲಿಯುತ್ತ ಕೂತಿದ್ದರು. ಅವಳು ಚೀಲವನ್ನು ಹೆಗಲಿನಿಂದ ಇಳಿಸದೆಯೇ ಕೇಳಿದಳು. "ಅತ್ತೆ, ನಾನು ಬೇರೆಯವರ ಮಾತು ಕೇಳಲ್ವಾ?"

"ಕೇಳ್ತೀಯಮ್ಮ, ಆದ್ರೆ..."

"ನೋಡಿ, ನಾನೂ ಅದೇ ಅಂದ್ಕೊಂಡೆ! ಯಾರೋ ಒಬ್ರು ಬರೆದಿದಾರೆ..."

ಅತ್ತೆ ಕೈಲಿದ್ದ ಕಾಯಿಯನ್ನು ತಟ್ಟೆಗೆ ಹಾಕಿ ಸೊಸೆಯನ್ನೇ ನೋಡಿದರು. 'ಆದ್ರೆ' ಎಂಬ ಮಾತು ಇಬ್ಬರ ನಡುವೆ ಹಾಗೇ ನಿಂತಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು.

"ನೀನು ಕೇಳೋದು ಬಸ್ಸಿಗೆ ಕಾಯೋರ ಹಾಗೆ ಕಣೇ," ಎಂದರು ಅತ್ತೆ, ಬೇಸರವೇನೂ ಇಲ್ಲದೆ. "ಪಕ್ಕದವರು ಏನಂದ್ರೂ ಹೂಂ ಹೂಂ ಅಂತೀಯ, ಕಣ್ಣೆಲ್ಲ ರಸ್ತೆ ಮೇಲೆ, ನಿನ್ನ ಬಸ್ಸು ಯಾವಾಗ ಬರುತ್ತೋ ಅಂತ. ಮೊನ್ನೆ ಮೊಣಕಾಲು ನೋವು ಅಂದೆ. ಅಂದಿದ್ದು ಅರ್ಧ ಮಾತು. ಅಷ್ಟರಲ್ಲಿ ಎಣ್ಣೆ ತಂದು ಉಜ್ಜಿ, ಡಾಕ್ಟರಿಗೆ ಫೋನೂ ಮಾಡಿಬಿಟ್ಟೆ."

"ಇನ್ನರ್ಧ ಏನಿತ್ತು ಅತ್ತೆ?"

"ಈಗೆಲ್ಲಿ ನೆನಪಿರುತ್ತೆ! ಬಿಡು. ಎಣ್ಣೆ ಚೆನ್ನಾಗಿತ್ತು."

ಮರುದಿನ ಬೆಳಿಗ್ಗೆ ತರಗತಿಯ ಕಿಟಕಿಗಳನ್ನೆಲ್ಲ ತೆರೆದು, ಹೊಸ ನಮೂನೆಗಳನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು. ಹನ್ನೆರಡು ಮುಖಗಳು ಅವಳನ್ನೇ ನೋಡುತ್ತಿದ್ದವು. ರೈಲ್ವೆಯಿಂದ ನಿವೃತ್ತರಾಗಿ ಓದಲು ಬಂದ, ಎಲ್ಲರೂ ಗಾರ್ಡ್ ತಾತ ಎಂದು ಕರೆಯುತ್ತಿದ್ದವರು ಮೊದಲು ಬಾಯಿಬಿಟ್ಟರು.

"ಮೇಡಂ, ನಮ್ಮಿಂದ ಏನೋ ಎಡವಟ್ಟಾಗಿದೆ ಅಂತ ಗೊತ್ತಾಯ್ತು. ಆಫೀಸಿನವರು ನನ್ನ ನೋಡಿ ನಗ್ತಿದ್ರು. ಆದ್ರೆ ಸಲಹೆ ಕೊಡಬೇಡಿ ಅಂದೋರು ನೀವೇ ತಾನೆ?"

"ಆ ಕಾಗದಕ್ಕೆ ಕಾಯಿಲೆ ಇರಲಿಲ್ಲ ತಾತ," ಎಂದಳು. ತರಗತಿ ಗೊಳ್ಳೆಂದಿತು.

ಈಗ ಒಂದು ಮಾತು ಹೇಳಿದರೆ ಸಾಕಿತ್ತು. ನಾಲ್ಕೋ ಐದೋ ಹಾಕಿಬಿಡಿ, ಇಲ್ಲದಿದ್ದರೆ ಈ ಪಾಠವೇ ಇರುವುದಿಲ್ಲ ಎಂದು. ಒಳ್ಳೆಯವರು, ಹಾಕಿಯೂ ಬಿಡುತ್ತಿದ್ದರು. ಮಾತು ಗಂಟಲವರೆಗೆ ಬಂದಿತು. ಅವಳು ಕುರ್ಚಿ ಎಳೆದು ಅವರೆದುರು ಕೂತಳು.

"ಬರೆಯೋಕೆ ಮುಂಚೆ ಒಂದು ಕೇಳ್ತೀನಿ. ಈ ಪಾಠದಲ್ಲಿ ನಿಮಗೆ ಏನು ಸರಿಹೋಗಲಿಲ್ಲ?"

ಒಂದು. ಎರಡು. ಮೂರು ಎನ್ನುವಾಗ ಅವಳ ತುಟಿ ತಾನಾಗಿಯೇ ತೆರೆಯಿತು. ಆ ಸಾಲು ಬರೆದವರು ಎಷ್ಟು ಸರಿಯಾಗಿ ಗಮನಿಸಿದ್ದರು! ಬಾಯಿ ಮುಚ್ಚಿದಳು. ಏಳರ ಹೊತ್ತಿಗೆ ಯಾರೋ ಕೆಮ್ಮಿದರು. ಹತ್ತಕ್ಕೆ ಗಾರ್ಡ್ ತಾತ ಗಡಿಯಾರ ನೋಡಿಕೊಂಡರು. ಮೌನಕ್ಕೆ ಇಷ್ಟು ಉದ್ದವಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹದಿನೈದಕ್ಕೆ ಇವರು ಇನ್ನು ಏನೂ ಹೇಳುವುದಿಲ್ಲ, ಎಲ್ಲ ಮುಗಿಯಿತು ಎಂದುಕೊಂಡಳು.

ಹತ್ತೊಂಬತ್ತಕ್ಕೆ ಕೊನೆಯ ಬೆಂಚಿನಿಂದ ದನಿ ಬಂತು. ಹಗಲು ಓದಿ ಸಂಜೆ ಹೊಲಿಗೆ ಹಾಕುವ ಹೆಂಗಸಿನ ದನಿ ಅದು. ವರ್ಷವಿಡೀ ಆಕೆ ತರಗತಿಯಲ್ಲಿ ಮಾತೇ ಆಡಿರಲಿಲ್ಲ.

"ಮೂರು ಅಂತ ಬರೆದದ್ದು ನಾನು ಮೇಡಂ." ಆ ಹೆಂಗಸು ಎದ್ದು ನಿಂತು, ಬೆಂಚಿನ ಅಂಚನ್ನು ಬಟ್ಟೆ ಮಡಿಸುವ ಹಾಗೆ ಬೆರಳಿನಿಂದ ಒತ್ತುತ್ತಿದ್ದಳು. "ನೀವು ನನ್ನ ಹತ್ರ ಪ್ರಶ್ನೆ ಕೇಳ್ತಿದ್ರಿ. ನಾನು ಮಾತು ಹುಡುಕೋಷ್ಟರಲ್ಲಿ ಪಕ್ಕದವರ ಹತ್ರ ಹೋಗಿಬಿಡ್ತಿದ್ರಿ. ನನಗೆ ಗೊತ್ತಿಲ್ಲ ಅಂತ ಅಲ್ಲ. ನಂದು ಸ್ವಲ್ಪ ನಿಧಾನ."

ಕ್ಷಮಿಸು ಎನ್ನಬೇಕೆನಿಸಿತು. ಅದನ್ನೂ ತಡೆದಳು. ಆ ಹೆಂಗಸು ಇನ್ನೂ ನಿಂತೇ ಇದ್ದಳು.

"ನೀವು ಕಳಿಸಿದ ಆಸ್ಪತ್ರೇಲಿ ನಾನು ನೋಡ್ಕೊಳ್ತಿದ್ದ ಅಜ್ಜಿ ಮೊದಲ ಮೂರು ವಾರ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ನಾಲ್ಕನೇ ವಾರ ನನ್ನ ಕೈ ಹಿಡ್ಕೊಂಡು, ನೀನಿದ್ರೆ ಆತುರ ಅನ್ನಿಸಲ್ಲ ಅಂದ್ರು. ಅದನ್ನ ತರಗತೀಲಿ ಹೇಳಬೇಕು ಅಂತಿದ್ದೆ. ಬಿಡುವೇ ಸಿಗಲಿಲ್ಲ."

ಗಾರ್ಡ್ ತಾತ ಗಂಟಲು ಸರಿಪಡಿಸಿಕೊಂಡು, "ಇನ್ನು ನಂದು. ಆಸ್ಪತ್ರೆ ಭೇಟಿಯ ವರದಿ ಬರೆಸಿ ಬರೆಸಿ ನನ್ನ ಬೆರಳು ಸವೆದು ಹೋಯ್ತು ಮೇಡಂ," ಎಂದರು. ಕಟ್ಟೆ ಒಡೆಯಿತು. ಓದಲು ಕೊಟ್ಟ ಪುಸ್ತಕ ಜಾಸ್ತಿ, ಆಸ್ಪತ್ರೆಗೆ ಕಳಿಸಿದ ದಿನಗಳು ಕಡಿಮೆ, ಮೇಡಂ ಹಲಗೆಯ ಮೇಲೆ ಬರೆದದ್ದು ಕೋಳಿ ಕೆದಕಿದ ಹಾಗೆ. ನಲವತ್ತು ನಿಮಿಷ ಅವಳು ತುಟಿ ಪಿಟಕ್ಕೆನ್ನಲಿಲ್ಲ.

ನಮೂನೆಗಳು ತುಂಬಿದವು. ಹೆಚ್ಚಿನವರು ನಾಲ್ಕು ಹಾಕಿದ್ದರು, ತಾತ ಮೂರೂವರೆ. ಸಣ್ಣ ಅಕ್ಷರದ ಹಾಳೆಯಲ್ಲಿ ಐದಿತ್ತು, ಪಕ್ಕದಲ್ಲಿ 'ಇವತ್ತಿಗೆ' ಎಂದು ಬರೆದಿತ್ತು.

ನಾಲ್ಕೂವರೆಗೆ ಸಮಿತಿಯ ಕೋಣೆಯಿಂದ ಹೊರಬಂದ ಪ್ರಾಂಶುಪಾಲರು ಅವಳನ್ನು ನೋಡಿ ತಲೆಯಾಡಿಸಿದರು. "ಒಂದು ವರ್ಷಕ್ಕೆ ಉಳೀತು. ಬರೋ ವರ್ಷ ಮತ್ತೆ ನೋಡೋಣ ಅಂದ್ರು. ಅಲ್ಲಮ್ಮ, ಎಲ್ಲರೂ ಐದು ಹಾಕೋ ಹಾಗೆ ಒಂದು ಮಾತು ಹೇಳಬಾರದಿತ್ತಾ?"

ಅವಳು ನಕ್ಕು ಚೀಲವನ್ನು ಹೆಗಲಿಗೇರಿಸಿದಳು.

ಮನೆಯಲ್ಲಿ ಅತ್ತೆ ಉಳಿದ ಬಟಾಣಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವಳು ಚೀಲವನ್ನು ಮೊಳೆಗೆ ತಗುಲಿಹಾಕಿ, ಕೈ ತೊಳೆದು ಬಂದು ಪಕ್ಕದಲ್ಲಿ ಕೂತು, ಒಂದು ಹಿಡಿ ಕಾಯಿ ತನ್ನ ಕಡೆಗೆ ಎಳೆದುಕೊಂಡಳು.

"ಅತ್ತೆ, ಮೊಣಕಾಲು ನೋವು ಅಂದ್ರಲ್ಲ ಮೊನ್ನೆ."

"ಹೂಂ."

ಕಾಳುಗಳು ಒಂದೊಂದಾಗಿ ಬಟ್ಟಲಿಗೆ ಬೀಳುತ್ತಿದ್ದವು. ಎಂಟು. ಒಂಬತ್ತು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಹದಿಮೂರು. ಹದಿನಾಲ್ಕು. ಹದಿನೇಳಕ್ಕೆ ಅತ್ತೆಯ ಕೈ ನಿಂತಿತು. ಅರ್ಧ ಬಿಡಿಸಿದ ಕಾಯಿಯನ್ನು ಬೆರಳುಗಳ ನಡುವೆ ಹಾಗೇ ಹಿಡಿದು, ಅವರು ಮೆಲ್ಲಗೆ ಸೊಸೆಯ ಕಡೆಗೆ ತಿರುಗಿದರು.