ಸೀಸದ ರುಚಿ

ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಶ್ರೇಣಿಕ ಚೌಕಗಳ ಹಾಳೆಯನ್ನು ಮತ್ತೆ ನೋಡಿದ. ನೆಟ್ಟಗಿರಬೇಕಾದ ಗೆರೆಗಳು ಬಾಗಿದ್ದವು. ನಡುವೆ ಒಂದು ಬೂದು ಮಚ್ಚೆ. ಅದರೊಳಗೆ ಗೆರೆಯೇ ಇರಲಿಲ್ಲ.

“ನಡಕ ಏನ್ ಕಾಣಸ್ತೈತ್ರಿ ಸರ್?” ಚಿಕ್ಕೋಡಿಯ ಕಣ್ಣಿನ ಡಾಕ್ಟರಮ್ಮ ಕೇಳಿದರು.

“ಎಲ್ಲಾ ಕಾಣಸ್ತೈತ್ರಿ.”

ಪಕ್ಕದಲ್ಲಿದ್ದ ಹೆಂಡತಿ ರಾಜಮತಿ ಮೊಣಕೈಯಿಂದ ತಿವಿದಳು. “ಖರೇ ಹೇಳ್ರಿ.”

“ನಡಕ ಏನೂ ಇಲ್ರಿ.”

ವಯಸ್ಸಾದಂತೆ ಕಣ್ಣಿನ ಹಿಂದಿನ ಪರದೆ ನಟ್ಟನಡುವೆ ಸವೆಯುತ್ತದೆ, ಸವೆದದ್ದು ತಿರುಗಿ ಬರುವುದಿಲ್ಲ, ಬಲಗಣ್ಣಿನಲ್ಲೂ ಶುರುವಾಗಿದೆ, ಅದನ್ನಾದರೂ ಕಾಯ್ದುಕೊಳ್ಳಬೇಕು ಎಂದರು ಡಾಕ್ಟರು. ಆಮೇಲೆ ಪ್ರಶ್ನೆಗಳು. ಬೀಡಿ, ಸಿಗರೇಟು? ಇಲ್ಲ. ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತೆ? ಇಲ್ಲ. ಬ್ಯಾಟರಿ, ಬಣ್ಣ, ಸೀಸ, ಇಂಥ ಕೆಲಸ?

“ಇಲ್ರಿ. ಕಾಲೇಜಿನಾಗ ಕೆಮಿಸ್ಟ್ರಿ ಕಲಸ್ತಿದ್ದೆ.”

“ನಮ್ಮ ಮಾವನೋರದು ನಿಪ್ಪಾಣ್ಯಾಗ ಛಾಪಖಾನಿ ಇತ್ತಲ್ರಿ,” ಎಂದಳು ರಾಜಮತಿ. “ಇವ್ರು ಸಣ್ಣಾವ್ರಿದ್ದಾಗಿಂದ ಅಲ್ಲೇ ಅಚ್ಚಿನ ಅಕ್ಷರದ ಸೀಸದ ಮೊಳಿ ಜೋಡಸ್ತಿದ್ರು.”

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. “ಸೀಸ ಎಲುಬಿನಾಗ ಕುಂದರ್ತೈತ್ರಿ. ವಯಸ್ಸಾಗಿ ಎಲುಬು ಸವದಂಗ ರಕ್ತಕ್ಕ ಇಳೀತೈತಿ. ಕಣ್ಣಿಗೂ ಕಾಟ ಕೊಡಬಹುದು ಅಂತಾರ. ಅದರಿಂದನ ಆಗೇತಿ ಅಂತ ಹೇಳಾಕ ಬರಂಗಿಲ್ಲ. ರಕ್ತಾ ತಪಾಸ ಮಾಡ್ಸೂಣು. ಮನ್ಯಾಗ ಆ ಮೊಳಿ ಉಳದಿದ್ರ ಮುಟ್ಟಬ್ಯಾಡ್ರಿ.”

ಅವನಿಗೆ ಗೊತ್ತಿಲ್ಲದ್ದೇನಲ್ಲ. ಸೀಸ ವಿಷವೆಂದು ಕರಿಹಲಗೆಯ ಮೇಲೆ ವರ್ಷವೂ ಅವನೇ ಬರೆದಿದ್ದ. ಬರೆದು, ಕೈಯ ಪುಡಿ ಜಾಡಿಸಿ, ಮನೆಗೆ ಬಂದು ಹಿತ್ತಲ ಕೋಣೆಯಲ್ಲಿ ಅಪ್ಪನ ಮೊಳೆಗಳಿದ್ದ ಮರದ ಪೆಟ್ಟಿಗೆಯ ಧೂಳು ಒರೆಸುತ್ತಿದ್ದ. ಎರಡನ್ನೂ ಒಟ್ಟಿಗೆ ಯೋಚಿಸುವ ಗೋಜಿಗೆ ಹೋಗಿರಲಿಲ್ಲ.

ನಿಪ್ಪಾಣಿಯ ಬಸ್ಸಿನಲ್ಲಿ ರಾಜಮತಿ ಫೋನು ಮುಗಿಸಿದಳು. “ಗುಜರಿಯವಗ ನಾಳೆ ಮುಂಜಾನೆ ಮೊಳಿ ಒಯ್ಯಾಕ ಬಾ ಅಂದೇನಿ.”

“ಹೂಂ.”

“ಹೂಂ ಅಂದ್ರ?”

“ಬರ್ಲಿ.”

ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂತು. ಎಡಗಣ್ಣಿಗೆ ಅದರ ನಡುಭಾಗ ಇರಲಿಲ್ಲ. ಕಣ್ಣು ಹೋಗುವುದು ಅವನನ್ನು ಅಷ್ಟು ಹೆದರಿಸಲಿಲ್ಲ. ತಾನು ಸುಖವಾಗಿದ್ದ ಒಂದೇ ಒಂದು ಜಾಗ ರೋಗದ ಮೂಲವೆಂದು ತಪಾಸಣೆಯಲ್ಲಿ ಬಂದುಬಿಟ್ಟರೆ ಎಂಬುದೇ ಹೆದರಿಕೆ.

ಅಪ್ಪ ಪಾರಿಸಪ್ಪ ಮನೆಯಲ್ಲಿ ಮಾತಾಡುವವನಲ್ಲ. ಛಾಪಖಾನೆಯ ಬಾಗಿಲು ತೆರೆದರೆ ಬೇರೆ ಮನುಷ್ಯ. ತಂಬಾಕು ವ್ಯಾಪಾರಿಗಳ ಕ್ಯಾಲೆಂಡರು, ಬೀಡಿ ಕಟ್ಟಿನ ಚೀಟಿ, ಮದುವೆ ಕಾಗದ. ಒಂದು ಗೂಡಿನಲ್ಲಿ ಕನ್ನಡದ ಮೊಳೆ, ಇನ್ನೊಂದರಲ್ಲಿ ಮರಾಠಿಯದು. ತಪ್ಪು ಅಕ್ಷರ ಕಿತ್ತು ಸರಿಯಾದ್ದನ್ನು ಹುಡುಕುವಾಗ ಎರಡೂ ಕೈ ತುಂಬಿರುತ್ತಿದ್ದವು. ಕಿತ್ತದ್ದನ್ನು ಅಪ್ಪ ತುಟಿಯಲ್ಲಿ ಹಿಡಿಯುತ್ತಿದ್ದ. ಮಗನೂ ಹಿಡಿದ.

ಕರೆಂಟು ಹೋದರೆ ಆಟ. ಅಪ್ಪ ಅವನ ನಾಲಿಗೆಯ ಮೇಲೆ ಒಂದು ಮೊಳೆಯಿಟ್ಟು, “ಯಾವ ಅಕ್ಷರ ಹೇಳಲೇ,” ಎನ್ನುತ್ತಿದ್ದ. ಸರಿ ಹೇಳಿದರೆ ಕತ್ತಲಲ್ಲಿ ನಗುತ್ತಿದ್ದ. ಅಪ್ಪ ನಕ್ಕದ್ದನ್ನು ಶ್ರೇಣಿಕ ಬೇರೆಲ್ಲೂ ಕೇಳಿಲ್ಲ.

ಕಣ್ಣಿಗೆ ಕಾಣದ ಜೀವವೂ ಸಾಯಬಾರದೆಂದು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಸುತ್ತಿದ್ದ ಮನುಷ್ಯ ಅವನು. ಹೊತ್ತು ಮುಳುಗಿದ ಮೇಲೆ ಮಗನ ಬಾಯಿಗೆ ಒಂದು ಅಗುಳೂ ಹೋಗಗೊಡುತ್ತಿರಲಿಲ್ಲ.

“ನನ್ನ ಕಡೆ ನೋಡಿ ಮಾತಾಡ್ರಲ್ಲ,” ಎಂದಳು ರಾಜಮತಿ. “ಆಗಿಂದ ಮಾರಿ ಹೊಳ್ಳಿಸಿ ಕುಂತೀರಿ.”

ಅವನು ಅವಳನ್ನೇ ನೋಡುತ್ತಿದ್ದ. ನೇರ ನೋಡಿದರೆ ಅವಳ ಮುಖ ಮಸುಕಾಗುತ್ತಿತ್ತು. ಕಿಟಕಿಯ ಕಡೆ ತಿರುಗಿದರೆ ಮಾತ್ರ ಕಣ್ಣಂಚಿಗೆ ಮೂಗುಬೊಟ್ಟು ಸಮೇತ ಬರುತ್ತಿದ್ದಳು.

ಅಪ್ಪನೂ ಕೊನೆಗಾಲದಲ್ಲಿ ಹೀಗೇ. ಶ್ರೇಣಿಕ ಎದುರಿಗೆ ಕೂತರೆ ಮುಖ ಗೋಡೆಗೆ ತಿರುಗಿಸುತ್ತಿದ್ದ. ಛಾಪಖಾನೆ ಬಿಟ್ಟು ಕಾಲೇಜು ಸೇರಿದ ಸಿಟ್ಟು ಇನ್ನೂ ಇಳಿದಿಲ್ಲವೆಂದು ಇವನೂ ಬಿಗಿದುಕೊಂಡ. ಹೋಗುವುದನ್ನೂ ಕಡಿಮೆ ಮಾಡಿದ. ಪಾಪ, ಮುದುಕ ಮಗನನ್ನು ನೋಡಲೆಂದೇ ತಿರುಗುತ್ತಿದ್ದನೇ? ಶ್ರೇಣಿಕ ಮತ್ತೆ ಕಿಟಕಿಯ ಕಡೆ ತಿರುಗಿದ.

ಹೊತ್ತು ಮುಳುಗುವ ಮೊದಲೇ ಊಟ ಮುಗಿಯಿತು. ರಾಜಮತಿ ಪಾತ್ರೆ ಮುಚ್ಚಿಟ್ಟಳು. ಶ್ರೇಣಿಕ ಹಿತ್ತಲ ಕೋಣೆಗೆ ಹೋಗಿ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ದೀಪ ಹಾಕಲಿಲ್ಲ. ಕೈಗೆ ಸಿಕ್ಕ ಒಂದು ಮೊಳೆಯನ್ನು ಕಿಟಕಿಯ ಉಳಿದ ಬೆಳಕಿಗೆ ಹಿಡಿದ. ಬೆರಳು ಕಂಡಿತು. ಮೊಳೆ ಕಾಣಲಿಲ್ಲ.

ಬಾಯಿಗೆ ಹಾಕಿಕೊಂಡ. ತಣ್ಣಗಿತ್ತು. ಆಮೇಲೆ ತುಸು ಸಿಹಿ.

“ಕತ್ತಲಾಗೇತಿ,” ಬಾಗಿಲಲ್ಲಿ ರಾಜಮತಿ. “ಬಾಯಾಗ ಏನೈತ್ರಿ?”

ಅವಳನ್ನು ಸರಿಯಾಗಿ ನೋಡಬೇಕೆಂದು ಅವನು ಮುಖವನ್ನು ಗೋಡೆಗೆ ತಿರುಗಿಸಿದ.

“ನನ್ನ ಮ್ಯಾಲ ಯಾಕ ಸಿಟ್ಟು? ನಿಮ್ಮ ಕಣ್ಣಿನ ಸಲುವಾಗೇ ಅಲ್ಲೇನು?” ಅವಳು ಒಳಗೆ ಹೋದಳು.

ನಾಲಿಗೆ ಗೆರೆಯ ತಿರುವನ್ನು ತಡಕಿತು. ಅಕ್ಷರದ ಗುರುತು ಸಿಕ್ಕಿತು. ಹೇಳಬೇಕೆಂದರೆ ಅದನ್ನು ಉಗುಳಬೇಕಿತ್ತು. ಶ್ರೇಣಿಕ ತುಟಿ ಬಿಗಿದುಕೊಂಡು ಕತ್ತಲಲ್ಲಿ ಕೂತ.